ಲೀಡ್ಸ್‌ನಲ್ಲಿ ಒಂದು ದವಡೆ ಹಲ್ಲು: ಕೈಗೆಟುಕುವ ದಂತ ಚಿಕಿತ್ಸೆಯ ಹುಡುಕಾಟದ ಪ್ರಕರಣ ಅಧ್ಯಯನ

ಈ ಪ್ರಕರಣದ ಕೇಂದ್ರದಲ್ಲಿರುವವರು ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿಯಾಗಿದ್ದ 34 ವರ್ಷದ ಮಹಿಳೆ. ಪತಿಗೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಸಾಫ್ಟ್‌ವೇರ್ ಉದ್ಯೋಗ ದೊರೆತು, 2024ರ ಮಾರ್ಚ್ ಕೊನೆಯಲ್ಲಿ ಅವರು ಏಳು ವರ್ಷದ ಮಗಳೊಂದಿಗೆ ಅಲ್ಲಿಗೆ ಬಂದರು. ಅದೇ ಊರಿನಲ್ಲಿ ಬಹಳ ವರ್ಷಗಳಿಂದ ನೆಲೆಸಿರುವ ನಾನು, ಬಾಡಿಗೆ ಮನೆ ಹುಡುಕುವ ದಿನದಿಂದಲೂ ಈ ಕುಟುಂಬವನ್ನು ಬಲ್ಲೆ. ಮುಂದೆ ಬಂದ ಹಲ್ಲಿನ ತೊಂದರೆಯಲ್ಲಿ ದೂರವಾಣಿ ಕರೆಗಳಿಂದ ಹಿಡಿದು ಕ್ಲಿನಿಕ್ಕಿನ ಕಾಯುವ ಕೋಣೆಯವರೆಗೆ ಬಹುಪಾಲು ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಇದನ್ನು ದಾಖಲಿಸುತ್ತಿದ್ದೇನೆ. ಹೊರದೇಶದಲ್ಲಿರುವ ನಮ್ಮವರು ಹಲ್ಲಿನ ವಿಷಯ ಬಂದಾಗ ಊರಿನ ದರವನ್ನೂ ಇಲ್ಲಿನ ದರವನ್ನೂ ತಕ್ಕಡಿಯಲ್ಲಿಟ್ಟು ತೂಗುವುದನ್ನು ಎಷ್ಟೋ ಬಾರಿ ನೋಡಿದ್ದೇನೆ. ಅದಕ್ಕಿಂತ ಮೊದಲು, ಯಾವ ಕೆಲಸ ಎಷ್ಟು ಕಾಲ ಕಾಯಬಲ್ಲದು ಎಂದು ಕೇಳಿಕೊಳ್ಳಬೇಕು ಎಂಬುದನ್ನು ಈ ಪ್ರಕರಣ ನನಗೆ ಸ್ಪಷ್ಟವಾಗಿ ತೋರಿಸಿತು.

ಹಿನ್ನೆಲೆ

ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂಬ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಆ ಊರಿನ ಮಧ್ಯಮ ವರ್ಗದವರಿಗೆ ದಂತವೈದ್ಯರನ್ನು ಕಾಣುವುದು ದೊಡ್ಡ ಸಂಗತಿಯೇನಲ್ಲ. ಹಲ್ಲು ನೋವೆಂದರೆ ಅದೇ ಸಂಜೆ ಯಾರಾದರೂ ಪರಿಚಯದ ವೈದ್ಯರು ಸಿಗುತ್ತಾರೆ, ಹಣದ ಮಾತು ಆಮೇಲೆ. 2024ರ ಫೆಬ್ರುವರಿಯಲ್ಲಿ, ಪ್ರಯಾಣದ ಗಡಿಬಿಡಿಯ ನಡುವೆ, ಈಕೆಯ ಕೆಳ ಬಲದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿದ್ದ ಹಳೆಯ ಫಿಲ್ಲಿಂಗ್ ಅಂಚಿನಲ್ಲಿ ಬಿರುಕು ಬಿಟ್ಟಿದೆ, ತೆಗೆದು ಹೊಸದಾಗಿ ತುಂಬಿಸಬೇಕು ಎಂದು ಅಲ್ಲಿನ ವೈದ್ಯರು ಹೇಳಿದ್ದರು. ವೀಸಾ ಕಾಗದಗಳು, ಮಗಳ ಶಾಲೆಯ ವರ್ಗಾವಣೆ ಪತ್ರ, ಮನೆ ಖಾಲಿ ಮಾಡುವ ಕೆಲಸಗಳ ನಡುವೆ ಅದು ಮುಂದಕ್ಕೆ ಹೋಯಿತು. ಒಂದು ಮಧ್ಯಾಹ್ನದಲ್ಲಿ, ಒಂದೆರಡು ಸಾವಿರ ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸ ಅದು.

ಮುಂದೂಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಬ್ರಿಟನ್ನಿನ ವೀಸಾಕ್ಕೆ ಅರ್ಜಿ ಹಾಕುವಾಗ ವಲಸೆ ಆರೋಗ್ಯ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ. 2024ರ ಫೆಬ್ರುವರಿ 6ರಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 18ರೊಳಗಿನವರಿಗೆ 776 ಪೌಂಡ್. ಮೂರು ವರ್ಷದ ವೀಸಾಕ್ಕೆ ಮೂವರಿಗೂ ಸೇರಿ 8,538 ಪೌಂಡ್, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು ಒಂಬತ್ತು ಲಕ್ಷ ರೂಪಾಯಿಯನ್ನು ಈ ಕುಟುಂಬವೇ ಭರಿಸಿತ್ತು. ಇಷ್ಟು ಹಣ ಕಟ್ಟಿದ ಮೇಲೆ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ, ಅಂದರೆ ಎಲ್ಲರೂ ಎನ್‌ಎಚ್‌ಎಸ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ಹಲ್ಲೂ ಸೇರಿರುತ್ತದೆ ಎಂದು ಅವರು ಭಾವಿಸಿದ್ದು ಸಹಜವಾಗಿತ್ತು.

ಹಲ್ಲು ಸೇರಿರುವುದು ನಿಜ, ಆದರೆ ಉಚಿತವಾಗಿ ಅಲ್ಲ. 1948ರಲ್ಲಿ ಎನ್‌ಎಚ್‌ಎಸ್ ಆರಂಭವಾದಾಗ ದಂತ ಚಿಕಿತ್ಸೆ ಉಚಿತವಾಗಿಯೇ ಇತ್ತು. 1951ರಲ್ಲಿ ಕೃತಕ ದಂತಪಂಕ್ತಿ ಮತ್ತು ಕನ್ನಡಕಕ್ಕೆ ಶುಲ್ಕ ಹಾಕಲು ಸರ್ಕಾರ ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಮರುವರ್ಷ ಹಲ್ಲಿನ ಚಿಕಿತ್ಸೆಗೂ ಶುಲ್ಕ ಬಂತು, ಮತ್ತೆ ಹೋಗಲಿಲ್ಲ. ಇಂದಿನ ಇಂಗ್ಲೆಂಡಿನಲ್ಲಿ ಅದು ಮೂರು ಹಂತಗಳಲ್ಲಿದೆ. ಈ ಪ್ರಕರಣ ನಡೆದ 2024–25ರಲ್ಲಿ ತಪಾಸಣೆ, ಎಕ್ಸ್‌ರೇಗಳ ಮೊದಲ ಹಂತಕ್ಕೆ 26.80 ಪೌಂಡ್, ಫಿಲ್ಲಿಂಗ್, ಬೇರುನಾಳ ಚಿಕಿತ್ಸೆ (ರೂಟ್ ಕೆನಾಲ್) ಮತ್ತು ಹಲ್ಲು ಕೀಳುವುದು ಸೇರಿದ ಎರಡನೆಯ ಹಂತಕ್ಕೆ 73.50, ಕ್ಯಾಪ್, ಸೇತುವೆ ಹಲ್ಲು, ದಂತಪಂಕ್ತಿಗಳ ಮೂರನೆಯ ಹಂತಕ್ಕೆ 319.10 ಪೌಂಡ್ ಇತ್ತು. ತುರ್ತು ಚಿಕಿತ್ಸೆಗೆ ಮೊದಲ ಹಂತದ ದರವೇ. 2025ರ ಏಪ್ರಿಲ್‌ನಿಂದ ಇವು ಕ್ರಮವಾಗಿ 27.40, 75.30 ಮತ್ತು 326.70 ಆದವು. ಒಂದು ಚಿಕಿತ್ಸಾ ಸರಣಿಗೆ, ಅಂದರೆ ಒಮ್ಮೆ ತಪಾಸಣೆ ಮಾಡಿ ಗೊತ್ತುಪಡಿಸಿದ ಕೆಲಸಗಳಿಗೆಲ್ಲ, ಒಂದೇ ಶುಲ್ಕ ಎಂಬುದನ್ನು ಇಲ್ಲಿ ಗಟ್ಟಿಯಾಗಿ ನೆನಪಿಡಬೇಕು: ಒಂದೇ ಸರಣಿಯಲ್ಲಿ ಬೇರುನಾಳ ಚಿಕಿತ್ಸೆಯೂ ಕ್ಯಾಪೂ ಆದರೆ ಮೇಲಿನ ಹಂತದ ಶುಲ್ಕ ಮಾತ್ರ, ಎರಡನ್ನೂ ಕೂಡಿಸುವಂತಿಲ್ಲ.

ಈ ದರದಲ್ಲಿ ನೋಡುವ ದಂತವೈದ್ಯರು ಸಿಗುವುದೇ ಕಷ್ಟ. ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಿದಂತೆ ದಂತವೈದ್ಯರ ಬಳಿ ಶಾಶ್ವತ ನೋಂದಣಿ ಎಂಬುದಿಲ್ಲ. ಒಂದು ಚಿಕಿತ್ಸಾ ಸರಣಿ ಮುಗಿದರೆ ಕ್ಲಿನಿಕ್ಕಿನ ಹೊಣೆಯೂ ಬಹುಮಟ್ಟಿಗೆ ಮುಗಿಯಿತು. ಕುಟುಂಬ ವೈದ್ಯರ ನೋಂದಣಿಯನ್ನು ಬಂದ ವಾರದಲ್ಲೇ ಮುಗಿಸಿದ ಈ ದಂಪತಿ, ಹಲ್ಲಿನ ಕೆಲಸವೂ ಅದರೊಂದಿಗೇ ಆಯಿತೆಂದುಕೊಂಡು ಆರು ತಿಂಗಳು ನಿಶ್ಚಿಂತೆಯಿಂದಿದ್ದರು. ನಾನೂ ಕೇಳಲಿಲ್ಲ, ಹೇಳಲಿಲ್ಲ. ಅದು ನನ್ನಿಂದಾದ ಲೋಪ.

ನೋವು ಬಂದದ್ದು, ನೋವು ಹೋದದ್ದು

2024ರ ಅಕ್ಟೋಬರ್ 6ರ ಭಾನುವಾರ ತಣ್ಣೀರು ಕುಡಿದಾಗ ಹಲ್ಲು ಜುಮ್ಮೆಂದಿತು. ಮೂರು ದಿನಗಳಲ್ಲಿ ಅದರ ಸ್ವರೂಪವೇ ಬದಲಾಯಿತು. ಮೊದಲು ತಂಪು ತಾಗಿದ ಕ್ಷಣ ಜುಮ್ಮೆಂದು ಇಳಿಯುತ್ತಿದ್ದದ್ದು, ಈಗ ಬಿಸಿ ಕಾಫಿಗೂ ಎದ್ದು, ಹತ್ತು ಹದಿನೈದು ನಿಮಿಷ ಕಿವಿಯವರೆಗೆ ಸೆಳೆದು, ರಾತ್ರಿ ಮಲಗಿದರೆ ನಾಡಿಯಂತೆ ಮಿಡಿಯತೊಡಗಿತು. ಈ ವ್ಯತ್ಯಾಸ ಬಹಳ ಮುಖ್ಯ. ತಂಪಿಗೆ ಕ್ಷಣಕಾಲ ಜುಮ್ಮೆನ್ನುವ ಹಲ್ಲಿನ ತಿರುಳು, ಅಂದರೆ ಒಳಗಿನ ನರ, ರಕ್ತನಾಳಗಳಿರುವ ಮೃದು ಭಾಗ, ಇನ್ನೂ ಚೇತರಿಸಿಕೊಳ್ಳಬಹುದು. ಪ್ರಚೋದನೆ ಹೋದ ಮೇಲೂ ನೋವು ನಿಲ್ಲದೆ, ನಿದ್ದೆಯಿಂದ ಎಬ್ಬಿಸುವ ಹಲ್ಲಿನ ತಿರುಳು ಸಾಮಾನ್ಯವಾಗಿ ಮರಳಿ ಬಾರದ ಸ್ಥಿತಿ ತಲುಪಿರುತ್ತದೆ. ಮೊದಲನೆಯದು ಫಿಲ್ಲಿಂಗ್‌ನಲ್ಲಿ ಮುಗಿಯುತ್ತದೆ, ಎರಡನೆಯದಕ್ಕೆ ಸಾಮಾನ್ಯವಾಗಿ ಬೇರುನಾಳ ಚಿಕಿತ್ಸೆ ಅಥವಾ ಹಲ್ಲು ಕೀಳುವುದು ಎಂಬ ಎರಡು ದಾರಿಗಳಿವೆ.

ಆ ವಾರ ಅವರು ಹದಿನೇಳು ಕ್ಲಿನಿಕ್ಕುಗಳಿಗೆ ಕರೆ ಮಾಡಿದರು. ಎನ್‌ಎಚ್‌ಎಸ್ ಜಾಲತಾಣದಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತೇವೆಂದು ತೋರಿಸಿದ್ದವುಗಳಲ್ಲೂ ಕೆಲವು ಕರೆ ಮಾಡಿದಾಗ ಇಲ್ಲವೆಂದವು. ಮೂರು ಕ್ಲಿನಿಕ್ಕುಗಳು ಮಕ್ಕಳನ್ನು ಮಾತ್ರ ನೋಡುತ್ತೇವೆಂದವು. ಆ ಮಾತಿನ ಬೆಲೆ ನಮಗೆ ಆಗ ಗೊತ್ತಾಗಲಿಲ್ಲ. ಅಕ್ಟೋಬರ್ 11ರಂದು ಖಾಸಗಿ ಕ್ಲಿನಿಕ್ಕೊಂದರಲ್ಲಿ 65 ಪೌಂಡ್ ಕೊಟ್ಟು ತೋರಿಸಿದರು. ವೈದ್ಯರು ಎಕ್ಸ್‌ರೇ ತೆಗೆದು, ಬೇರುನಾಳ ಚಿಕಿತ್ಸೆಗೆ 760 ಪೌಂಡ್, ಕ್ಯಾಪ್‌ಗೆ 740, ಒಟ್ಟು 1,500 ಪೌಂಡ್ ಎಂದು ಬರೆದುಕೊಟ್ಟರು. ದಾವಣಗೆರೆಯಲ್ಲಿ ವಿಚಾರಿಸಿದಾಗ ಅದೇ ಕೆಲಸಕ್ಕೆ 14,000 ರೂಪಾಯಿ, ಅಂದರೆ ಸುಮಾರು 130 ಪೌಂಡ್ ಎಂಬ ಉತ್ತರ ಬಂತು. ಹನ್ನೊಂದು ಪಟ್ಟು ಹೆಚ್ಚಿನ ಆ ಮೊತ್ತವನ್ನು ಕಂಡ ಕೂಡಲೇ ಅವರು ಒಂದು ನಿರ್ಧಾರಕ್ಕೆ ಬಂದರು: ಏಪ್ರಿಲ್‌ನಲ್ಲಿ ತಂಗಿಯ ಮದುವೆಗೆ ಊರಿಗೆ ಹೋಗುವುದು ಇದ್ದೇ ಇದೆ, ಅಲ್ಲಿಯವರೆಗೆ ತಡೆದುಕೊಳ್ಳುವುದು. ಆ ಎಕ್ಸ್‌ರೇಯ ಪ್ರತಿಯನ್ನು ಕೇಳಿ ಪಡೆಯಬಹುದಿತ್ತು, ಕೇಳಲಿಲ್ಲ.

ಅಕ್ಟೋಬರ್ 13ರ ರಾತ್ರಿ ನೋವು ತಡೆಯಲಾರದೆ 111ಕ್ಕೆ ಕರೆ ಮಾಡಿದ್ದರು. ಪ್ರಾಣಾಪಾಯವಿಲ್ಲದ ತೊಂದರೆಗಳಿಗೆ ವೈದ್ಯಕೀಯ ಸಲಹೆ ಕೊಡಲೆಂದು ಇರುವ ಈ ಎನ್‌ಎಚ್‌ಎಸ್ ದೂರವಾಣಿ ಸಂಖ್ಯೆಯ ಮೂಲಕವೇ ತುರ್ತು ದಂತ ಚಿಕಿತ್ಸೆಯ ಸಮಯವೂ ನಿಗದಿಯಾಗುತ್ತದೆ. ಆ ಕರೆಯ ವಿವರವನ್ನು ಆಕೆ ಆಮೇಲೆ ನನಗೆ ಹೇಳಿದಾಗ ನನಗೆ ಬಹಳ ಬೇಸರವಾಯಿತು. ಊತ ಇದೆಯೇ, ಜ್ವರ ಇದೆಯೇ, ನುಂಗಲು ಆಗುತ್ತಿದೆಯೇ, ಮಾತ್ರೆ ತೆಗೆದುಕೊಂಡರೆ ನೋವು ಹತೋಟಿಗೆ ಬರುತ್ತಿದೆಯೇ ಎಂದು ಕೇಳಿದಾಗ, ಕೊನೆಯ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ಪರವಾಗಿಲ್ಲ, ತಡೆದುಕೊಳ್ಳುತ್ತಿದ್ದೇನೆ’ ಎಂಬುದು. ನಾಲ್ಕು ರಾತ್ರಿ ನಿದ್ದೆಯಿಲ್ಲದ ಹೆಂಗಸು ಆಡಿದ ಮಾತು ಇದು. ಎದುರಿನವರಿಗೆ ತೊಂದರೆ ಕೊಡಬಾರದೆಂಬ ಸೌಜನ್ಯ, ನೋವನ್ನು ಹೇಳಿಕೊಳ್ಳಬಾರದೆಂಬ ಅಭ್ಯಾಸ ಎರಡೂ ಸೇರಿ ನಮ್ಮ ಬಾಯಿಂದ ಈ ಮಾತು ತಾನಾಗಿಯೇ ಬರುತ್ತದೆ. ದಾವಣಗೆರೆಯ ವೈದ್ಯರಾದರೆ ಮುಖ ನೋಡಿಯೇ ಅದನ್ನು ನಂಬುತ್ತಿರಲಿಲ್ಲ. ಆದರೆ ದೂರವಾಣಿಯ ಆಚೆ ಇರುವವರು ಮುಖ ನೋಡಲಾರರು, ಹೇಳಿದ್ದನ್ನು ಹೇಳಿದ ಹಾಗೆಯೇ ಗುರುತು ಮಾಡಿಕೊಳ್ಳುತ್ತಾರೆ. ನೋವು ಹತೋಟಿಯಲ್ಲಿದೆ ಎಂದು ದಾಖಲಾಯಿತು. ಸಾಮಾನ್ಯ ದಂತವೈದ್ಯರನ್ನು ಸಂಪರ್ಕಿಸಿ ಎಂಬ ಸಲಹೆ ಬಂತು. ‘ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ, ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಪೂರ್ಣ ಪ್ರಮಾಣದಲ್ಲಿ ತೆಗೆದುಕೊಂಡರೂ ನೋವು ನಿಲ್ಲುತ್ತಿಲ್ಲ’ ಎಂಬ ನಿಜವನ್ನೇ ಹೇಳಿದ್ದರೆ ಅಂದೇ ಬೇರೆ ದಾರಿ ತೆರೆಯುತ್ತಿತ್ತೆಂದು ನಾನು ನಂಬುತ್ತೇನೆ.

ಮರುದಿನ ಊರಿನಿಂದ ತಂದಿದ್ದ ಔಷಧಿ ಚೀಲ ಹೊರಬಂತು. ಅದರಲ್ಲಿದ್ದ ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಮಾತ್ರೆಗಳನ್ನು ಐದು ದಿನ ನುಂಗಿದರು, ಲವಂಗದ ಎಣ್ಣೆಯ ಹತ್ತಿ ಇಟ್ಟರು. ತಿಂಗಳ ಕೊನೆಗೆ ನೋವು ನಿಂತೇಹೋಯಿತು. ದೀಪಾವಳಿಯ ದಿನ ಕನ್ನಡಿಗರೆಲ್ಲ ಸೇರಿದ್ದಾಗ ಆಕೆ ಚಕ್ಕುಲಿಯನ್ನು ಅದೇ ದವಡೆಯಲ್ಲಿ ಕಡಿದು ತೋರಿಸಿ, ವಾಸಿಯಾಯಿತು ಎಂದರು. ಅಂದು ನಮ್ಮೊಂದಿಗೆ ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ ಬಂದ ಹುಡುಗಿಯೊಬ್ಬಳಿದ್ದಳು. ಭಾರತದ ಪದವಿ ಇದ್ದವರು ಬ್ರಿಟನ್ನಿನಲ್ಲಿ ದಂತವೈದ್ಯರಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಓಆರ್‌ಇ ಎಂಬ ಎರಡು ಭಾಗಗಳ ಪರೀಕ್ಷೆಯನ್ನು ಪಾಸು ಮಾಡಿ, ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಿಸಬೇಕು. ಆಕೆ ಅದಕ್ಕೆ ಓದುತ್ತ, ಕ್ಲಿನಿಕ್ಕೊಂದರಲ್ಲಿ ದಂತ ಸಹಾಯಕಿಯಾಗಿ ದುಡಿಯುತ್ತಿದ್ದಾಳೆ. ಬಾಯಿ ತೆರೆಸಿ ನೋಡಲು ಆಕೆ ಒಪ್ಪಲಿಲ್ಲ, ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಅದು ಸರಿಯಾದ ನಡೆ. ಆದರೆ ಒಂದು ಮಾತು ಹೇಳಿದಳು: ತಿರುಳಿನ ನರ ಸತ್ತರೂ ನೋವು ನಿಲ್ಲುತ್ತದೆ, ನೋವು ಹೋದದ್ದು ವಾಸಿಯಾದದ್ದರ ಗುರುತಲ್ಲ. ಹಲ್ಲಿನ ಒಳಗೆ ರಕ್ತ ಸಂಚಾರವೇ ಕೆಟ್ಟಾಗ ನುಂಗಿದ ಮಾತ್ರೆ ಅಲ್ಲಿಗೆ ತಲುಪುವುದಿಲ್ಲ, ಉರಿಯೂತಗೊಂಡ ತಿರುಳಿಗೆ ಆಂಟಿಬಯಾಟಿಕ್ ಪರಿಹಾರವೂ ಅಲ್ಲ ಎಂದಳು. ನಾವು ತಲೆಯಾಡಿಸಿದೆವು, ಏನೂ ಮಾಡಲಿಲ್ಲ.

ನವೆಂಬರ್ 23ರ ಶನಿವಾರ ರಾತ್ರಿ ಕೆನ್ನೆ ಊದಿತು. ಮೈ ಬಿಸಿಯಾಗಿತ್ತು. ಈ ಬಾರಿ 111ಕ್ಕೆ ನಾನು ಪಕ್ಕದಲ್ಲಿ ಕುಳಿತು ಕರೆ ಮಾಡಿಸಿದೆ. ಊತ ಕಣ್ಣಿನ ಕಡೆಗೆ ಅಥವಾ ಕತ್ತಿನ ಕಡೆಗೆ ಹರಡುತ್ತಿದೆಯೇ, ಬಾಯಿ ಎಷ್ಟು ತೆರೆಯುತ್ತದೆ, ಎಂಜಲು ನುಂಗಬಲ್ಲರೇ, ಉಸಿರಾಟ ಹೇಗಿದೆ ಎಂದು ಅವರು ಒಂದೊಂದಾಗಿ ಕೇಳಿದರು. ಕೆಳದವಡೆಯ ಸೋಂಕು ನಾಲಿಗೆಯ ಅಡಿಗೆ ಹರಡಿದರೆ ಶ್ವಾಸಮಾರ್ಗವೇ ಮುಚ್ಚುವ ಅಪಾಯವಿದೆ. ಅಂಥ ಲಕ್ಷಣವಿದ್ದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅದೃಷ್ಟಕ್ಕೆ ಅದಾವುದೂ ಇರಲಿಲ್ಲ. ಮರುದಿನ ಬೆಳಿಗ್ಗೆ ತುರ್ತು ದಂತ ಕೇಂದ್ರದಲ್ಲಿ ಸಮಯ ಸಿಕ್ಕಿತು.

ತುರ್ತು ಕೇಂದ್ರದ ಕುರ್ಚಿಯಲ್ಲಿ

ಭಾನುವಾರದ ಆ ಭೇಟಿಯಲ್ಲಿ ವೈದ್ಯರು ಎಕ್ಸ್‌ರೇ ತೆಗೆದು, ಹಿಂಬದಿಯ ಬೇರಿನ ತುದಿಯಲ್ಲಿ ಕಪ್ಪು ಛಾಯೆಯನ್ನು ತೋರಿಸಿದರು. ಎರಡು ಆಯ್ಕೆಗಳನ್ನು ಮುಂದಿಟ್ಟರು. ಈಗಲೇ ಹಲ್ಲು ಕೀಳಬಹುದು, ಅದೂ ತುರ್ತು ಶುಲ್ಕವಾದ 26.80 ಪೌಂಡ್‌ನಲ್ಲೇ ಸೇರುತ್ತದೆ, ಕಥೆ ಇಲ್ಲಿಗೆ ಮುಗಿಯುತ್ತದೆ. ಇಲ್ಲವೇ ಹಲ್ಲನ್ನು ಮೇಲಿನಿಂದ ಕೊರೆದು ಕೀವಿಗೆ ದಾರಿ ಮಾಡಿ, ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚಬಹುದು. ಆದರೆ ಉಳಿದ ಬೇರುನಾಳ ಚಿಕಿತ್ಸೆಯನ್ನು ಕೆಲವೇ ವಾರಗಳಲ್ಲಿ ಬೇರೆ ಕಡೆ ಮುಗಿಸಿಕೊಳ್ಳಬೇಕು, ಏಕೆಂದರೆ ತುರ್ತು ಕೇಂದ್ರ ಅದನ್ನು ಮುಂದುವರಿಸುವುದಿಲ್ಲ.

ಇಂಥ ಗಳಿಗೆಯಲ್ಲಿ ಅಗ್ಗವಾಗಿ ಕಾಣುವುದು ಮೊದಲನೆಯ ಆಯ್ಕೆ. ನಿದ್ದೆಗೆಟ್ಟು, ಮುಖ ಊದಿ, ಹಣದ ಚಿಂತೆಯಲ್ಲಿರುವವರಿಗೆ ‘ಕಿತ್ತುಬಿಡಿ’ ಎನ್ನುವುದು ಎಷ್ಟು ಸುಲಭ ಎಂಬುದನ್ನು ನಾನು ಅವರ ಕಣ್ಣಲ್ಲಿ ಕಂಡೆ. ಕೆಳದವಡೆಯ ಮೊದಲ ದೊಡ್ಡ ಹಲ್ಲು ಜಗಿಯುವ ಭಾರದ ಬಹುಪಾಲನ್ನು ಹೊರುವ ಹಲ್ಲುಗಳಲ್ಲೊಂದು. ಅದು ಹೋದರೆ ವರ್ಷಗಳು ಕಳೆದಂತೆ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಮೇಲಿನದು ಆಸರೆಯಿಲ್ಲದೆ ಕೆಳಗಿಳಿಯುತ್ತದೆ. ಆ ಜಾಗಕ್ಕೆ ಇಂಪ್ಲಾಂಟ್, ಅಂದರೆ ದವಡೆಯ ಎಲುಬಿನಲ್ಲಿ ತಿರುಪು ಕೂರಿಸಿ ಅದರ ಮೇಲೆ ಕೃತಕ ಹಲ್ಲು, ಹಾಕಿಸುವುದಾದರೆ, ಎನ್‌ಎಚ್‌ಎಸ್‌ನಲ್ಲಿ ಅದು ತೀರ ವಿಶೇಷ ಸಂದರ್ಭಗಳಿಗೆ ಮಾತ್ರ. ಖಾಸಗಿಯಾಗಿ ಸಾವಿರಾರು ಪೌಂಡ್ ಬೇಕು. ಊರಿನಲ್ಲಿ ಮಾಡಿಸೋಣವೆಂದರೂ ತಿರುಪು ಎಲುಬಿನೊಂದಿಗೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕಾಗುವುದರಿಂದ ಎರಡು ವಾರದ ರಜೆಯಲ್ಲಿ ಮುಗಿಯದು, ಎರಡು ಪ್ರಯಾಣ ಬೇಕು. 34 ವರ್ಷದವರ, ಬೇರು ಗಟ್ಟಿಯಾಗಿರುವ ಹಲ್ಲನ್ನು 26.80 ಪೌಂಡ್‌ಗೆ ತೆಗೆಸಿದರೆ ಅದು ಉಳಿತಾಯವಾಗುತ್ತಿರಲಿಲ್ಲ. ವೈದ್ಯರೂ ಹಲ್ಲು ಉಳಿಸಲು ಯೋಗ್ಯವಾಗಿದೆ ಎಂದೇ ಹೇಳಿದರು. ಆಕೆ ಎರಡನೆಯದನ್ನು ಆರಿಸಿದರು. ಊತ ಮತ್ತು ಜ್ವರ ಇದ್ದುದರಿಂದ ಈ ಬಾರಿ ವೈದ್ಯರೇ ಆಂಟಿಬಯಾಟಿಕ್ ಬರೆದರು; ಔಷಧಿ ಚೀಟಿಯ ಶುಲ್ಕ 9.90 ಪೌಂಡ್. ಹೊರಡುವ ಮುನ್ನ ಎಕ್ಸ್‌ರೇಯ ಪ್ರತಿಯನ್ನೂ ಟಿಪ್ಪಣಿಯನ್ನೂ ಕೇಳಿ ಇಮೇಲಿಗೆ ತರಿಸಿಕೊಂಡೆವು.

ಗಂಟನ್ನು ಬಿಡಿಸಿದ್ದು

ಆ ರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಕುಳಿತಾಗ ನಮಗೆ ಹೊಳೆದದ್ದು ಇಷ್ಟು: ಅಕ್ಟೋಬರ್‌ನಿಂದ ನಾವು ಹಲ್ಲಿನ ತೊಂದರೆಯನ್ನು ಒಂದೇ ಗಂಟಾಗಿ ನೋಡಿ, ಇಡೀ ಗಂಟಿಗೆ ಇಲ್ಲಿ ಎಷ್ಟು, ಅಲ್ಲಿ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆವು. ಅಲ್ಲಿದ್ದದ್ದು ಮೂರು ಬೇರೆ ಬೇರೆ ಕೆಲಸಗಳು. ನೋವು ಮತ್ತು ಸೋಂಕನ್ನು ಇಳಿಸುವುದು ಒಂದು. ಇದು ಗಂಟೆಗಳ, ದಿನಗಳ ವಿಷಯ, ಇದಕ್ಕೆ ವಿಮಾನ ಹತ್ತಲಾಗದು. ಸೋಂಕಿರುವ ಹಲ್ಲಿಗೆ ಎತ್ತರದಲ್ಲಿ ಗಾಳಿಯ ಒತ್ತಡ ಬದಲಾದಾಗ ನೋವು ಭುಗಿಲೇಳುವುದೂ ಉಂಟು. ಬೇರಿನ ಕಾಲುವೆಗಳನ್ನು ಶುಚಿ ಮಾಡಿ ಭದ್ರವಾಗಿ ಮುಚ್ಚುವುದು ಎರಡನೆಯದು. ಇದಕ್ಕೆ ಕೆಲವು ವಾರಗಳ ಅವಕಾಶವಿದೆ, ತಿಂಗಳುಗಳದ್ದಲ್ಲ, ಏಕೆಂದರೆ ತಾತ್ಕಾಲಿಕ ಮುಚ್ಚಳ ಸೋರತೊಡಗಿದರೆ ಬಾಯಿಯ ಸೂಕ್ಷ್ಮಾಣುಗಳು ಮತ್ತೆ ಒಳಹೊಗುತ್ತವೆ. ಕ್ಯಾಪ್ ಹಾಕುವುದು ಮೂರನೆಯದು. ಒಳಗಿನ ಕೆಲಸ ಸರಿಯಾಗಿ ಆಗಿ, ಮೇಲೆ ಗಟ್ಟಿ ಫಿಲ್ಲಿಂಗ್ ಇದ್ದರೆ, ಆ ಕಡೆ ಗಟ್ಟಿ ಪದಾರ್ಥ ಕಡಿಯದೆ ಜಾಗ್ರತೆಯಿಂದಿದ್ದು ಇದಕ್ಕೆ ಕೆಲವು ತಿಂಗಳು ಕಾಯಬಹುದು, ಹಲ್ಲು ಸೀಳುವ ಅಪಾಯ ಸ್ವಲ್ಪ ಇದ್ದೇ ಇರುತ್ತದೆ ಎಂಬ ಅರಿವಿನೊಂದಿಗೆ. ಯಾವುದಕ್ಕೆ ಎಷ್ಟು ಸಮಯವಿದೆ ಎಂದು ಗೊತ್ತಾದ ಮೇಲೆ ಎಲ್ಲಿ ಅಗ್ಗ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಮೂಡಿತು. ಏಪ್ರಿಲ್‌ಗೆ ಊರಿಗೆ ಹೋಗುವುದು ಖಚಿತವಿದ್ದುದರಿಂದ ಟಿಕೆಟ್ಟಿನ ಹಣವನ್ನು ಹಲ್ಲಿನ ಲೆಕ್ಕಕ್ಕೆ ಸೇರಿಸಬೇಕಿರಲಿಲ್ಲ; ಹಲ್ಲಿಗಾಗಿಯೇ ಡಿಸೆಂಬರ್‌ನಲ್ಲಿ ಹೋಗಿದ್ದರೆ ಟಿಕೆಟ್ಟಿಗೇ 780 ಪೌಂಡ್ ಆಗುತ್ತಿತ್ತು, ಆಗ ದಾವಣಗೆರೆಯ 130 ಪೌಂಡ್ ಎಂಬುದು ಅಗ್ಗದ ಮಾತಾಗಿ ಉಳಿಯುತ್ತಿರಲಿಲ್ಲ.

ಉಳಿದದ್ದು ಎರಡನೆಯ ಕೆಲಸಕ್ಕೆ ಎನ್‌ಎಚ್‌ಎಸ್ ದಂತವೈದ್ಯರು. ಅವರೇಕೆ ಸಿಗುವುದಿಲ್ಲ ಎಂಬುದನ್ನು ಅರಿತರೆ ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ. 2006ರಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ ಪ್ರತಿ ಕ್ಲಿನಿಕ್ಕಿಗೆ ವರ್ಷಕ್ಕೆ ಇಂತಿಷ್ಟು ದಂತ ಚಟುವಟಿಕೆಯ ಘಟಕಗಳೆಂದು ನಿಗದಿಯಾಗಿರುತ್ತದೆ. ಅದಕ್ಕೆ ತಕ್ಕ ಹಣ ಮಾತ್ರ ಬರುತ್ತದೆ. ತಪಾಸಣೆಗೆ ಒಂದು ಘಟಕ, ಎರಡನೆಯ ಹಂತದ ಚಿಕಿತ್ಸೆಗೆ ಮೂರು. ಒಂದು ಚಿಕ್ಕ ಫಿಲ್ಲಿಂಗ್ ಮಾಡಿದರೂ, ದವಡೆ ಹಲ್ಲಿನ ಮೂರು ನಾಲ್ಕು ಕಾಲುವೆಗಳನ್ನು ಗಂಟೆಗಟ್ಟಲೆ ಶುಚಿ ಮಾಡಿದರೂ ಸಿಗುತ್ತಿದ್ದುದು ಅದೇ ಮೂರು. ಬಹಳ ಕಾಲ ವೈದ್ಯರನ್ನು ಕಾಣದ, ಬಾಯಿಯಲ್ಲಿ ಹೆಚ್ಚು ಕೆಲಸವಿರುವ ಹೊಸ ರೋಗಿ ಈ ವ್ಯವಸ್ಥೆಯಲ್ಲಿ ಕ್ಲಿನಿಕ್ಕಿಗೆ ನಷ್ಟದ ಬಾಬ್ತಾಗುತ್ತಿದ್ದರು. 2022ರ ನವೆಂಬರ್‌ನಲ್ಲಿ ದವಡೆ ಹಲ್ಲಿನ ಬೇರುನಾಳ ಚಿಕಿತ್ಸೆಗೆ ಏಳು ಘಟಕಗಳನ್ನು ಕೊಡುವ ತಿದ್ದುಪಡಿ ಬಂತು. 2024ರ ಮಾರ್ಚ್‌ನಿಂದ 2025ರ ಮಾರ್ಚ್‌ವರೆಗೆ, ಎರಡು ವರ್ಷದಿಂದ ಎನ್‌ಎಚ್‌ಎಸ್ ದಂತವೈದ್ಯರನ್ನು ಕಾಣದ ಹೊಸ ರೋಗಿಯನ್ನು ತೆಗೆದುಕೊಂಡರೆ ಹೆಚ್ಚುವರಿ ಮೊತ್ತವೂ ಇತ್ತು. ರೋಗಿ ಕಟ್ಟುವ ಶುಲ್ಕ ಮಾತ್ರ ಬದಲಾಗಲಿಲ್ಲ. ದವಡೆ ಹಲ್ಲಿಗೆ ಚಿಕಿತ್ಸೆ ಬೇಕಾಗಿದ್ದ ಈಕೆ ಆ ಚಳಿಗಾಲದಲ್ಲಿ ಕ್ಲಿನಿಕ್ಕಿಗೆ ಸಂಪೂರ್ಣ ಹೊರೆಯಾಗಿರಲಿಲ್ಲ ಎಂಬುದು ನಮಗೆ ಧೈರ್ಯ ಕೊಟ್ಟಿತು.

ಬಾಗಿಲು ತೆರೆದದ್ದು ಮಗಳ ಮೂಲಕ. ಮಕ್ಕಳನ್ನು ಮಾತ್ರ ನೋಡುತ್ತೇವೆ ಎಂದಿದ್ದ ಮೂರು ಕ್ಲಿನಿಕ್ಕುಗಳಲ್ಲಿ, ಲೀಡ್ಸ್‌ನಿಂದ ರೈಲಿನಲ್ಲಿ ಹೋಗಬೇಕಾದ ಪಕ್ಕದ ಊರಿನ ಒಂದರಲ್ಲಿ ಮಗಳಿಗೆ ಡಿಸೆಂಬರ್ 9ಕ್ಕೆ ಸಮಯ ಸಿಕ್ಕಿತು. ಹದಿನೆಂಟರೊಳಗಿನವರಿಗೆ ಎನ್‌ಎಚ್‌ಎಸ್ ದಂತ ಚಿಕಿತ್ಸೆ ಉಚಿತ. ಮಗುವಿನ ಹಲ್ಲುಗಳಿಗೆ ಫ್ಲೋರೈಡ್ ಲೇಪ ಹಚ್ಚಿದರು. ಅಲ್ಲಿ ತಾಯಿ ತಮ್ಮ ಎಕ್ಸ್‌ರೇ ಮತ್ತು ತುರ್ತು ಕೇಂದ್ರದ ಟಿಪ್ಪಣಿಯನ್ನು ಕೌಂಟರಿನಲ್ಲಿ ತೋರಿಸಿ, ಯಾರಾದರೂ ಸಮಯ ರದ್ದು ಮಾಡಿದರೆ ಒಂದು ಗಂಟೆಯ ಮುನ್ಸೂಚನೆಯಲ್ಲೂ ಬರಬಲ್ಲೆ ಎಂದು ಕೇಳಿಕೊಂಡರು. ಒಂಬತ್ತು ದಿನದ ಮೇಲೆ, ಡಿಸೆಂಬರ್ 18ರ ಬೆಳಿಗ್ಗೆ ಕರೆ ಬಂತು. ಕೈಯಲ್ಲಿ ದಾಖಲೆ ಇದ್ದುದೇ ಇಲ್ಲಿ ನೆರವಾಯಿತೆಂದು ನನ್ನ ನಂಬಿಕೆ: ಸ್ವಾಗತಕಾರಿಣಿಯ ಮುಂದೆ ಇದ್ದದ್ದು ಎಲ್ಲಿಂದಲೋ ಬಂದ ಅಪರಿಚಿತೆಯ ಹಲ್ಲುನೋವಲ್ಲ, ಅರ್ಧ ಮುಗಿದ, ಗಡುವಿರುವ ಚಿಕಿತ್ಸೆ.

ಆ ದಿನ ಮತ್ತು 2025ರ ಜನವರಿ 8ರಂದು, ಎರಡು ಭೇಟಿಗಳಲ್ಲಿ ಕೆಲಸ ನಡೆಯಿತು. ಹಲ್ಲಿಗೆ ರಬ್ಬರ್ ಹಾಳೆಯ ಮರೆ ಕಟ್ಟಿ, ನಾಲ್ಕು ಕಾಲುವೆಗಳನ್ನು ಸಣ್ಣ ಅರಗಳಿಂದ ಹಿಗ್ಗಿಸಿ, ಹೈಪೋಕ್ಲೋರೈಟ್ ದ್ರವದಿಂದ ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ, ಮೇಲೆ ಗಟ್ಟಿ ಫಿಲ್ಲಿಂಗ್ ಹಾಕಿದರು. ಅದೇ ಸರಣಿಯಲ್ಲಿ ಮೇಲಿನ ಎಡಭಾಗದ ಹಲ್ಲೊಂದರ ಸಣ್ಣ ಹುಳುಕನ್ನೂ ತುಂಬಿದರು. ಇಡೀ ಸರಣಿಗೆ ಶುಲ್ಕ 73.50 ಪೌಂಡ್.

ಕ್ಯಾಪನ್ನೂ ಅಲ್ಲಿಯೇ ಹಾಕಿಸಿಕೊಳ್ಳಿ ಎಂದು ನಾನು ಒತ್ತಾಯಿಸಿದ್ದೆ. 319.10 ಪೌಂಡ್‌ನ ಒಂದೇ ಶುಲ್ಕದಲ್ಲಿ ಎಲ್ಲವೂ ಮುಗಿಯುತ್ತಿತ್ತು. ಹನ್ನೆರಡು ತಿಂಗಳೊಳಗೆ ಅದು ಕೆಟ್ಟರೆ ಸಾಮಾನ್ಯವಾಗಿ ಅದೇ ಕ್ಲಿನಿಕ್ಕು ಮತ್ತೆ ಶುಲ್ಕವಿಲ್ಲದೆ ಸರಿಪಡಿಸಬೇಕು. ಊರಿನಲ್ಲಿ ಹಾಕಿಸಿದ ಕ್ಯಾಪ್ ಇಲ್ಲಿ ಸಡಿಲವಾದರೆ ಆ ರಕ್ಷಣೆ ಇರುವುದಿಲ್ಲ. ದಂಪತಿ ಲೆಕ್ಕ ಹಾಕಿ, ಹೆಚ್ಚುವರಿಯಾಗುವ 245.60 ಪೌಂಡ್ ತಮಗೆ ಆ ಚಳಿಗಾಲದಲ್ಲಿ ಭಾರವೆಂದರು. ಬಾಡಿಗೆ ಏರಿತ್ತು, ಮನೆ ಬೆಚ್ಚಗಿಡುವ ಖರ್ಚೂ ಇತ್ತು. ಅವರ ನಿರ್ಧಾರ ಅಜಾಗರೂಕತೆಯದಾಗಿರಲಿಲ್ಲ, ಅಪಾಯವನ್ನು ತಿಳಿದು ತೆಗೆದುಕೊಂಡದ್ದು. ನಾನಾಗಿದ್ದರೆ ಈಗಲೂ ಇಲ್ಲಿಯೇ ಹಾಕಿಸುತ್ತಿದ್ದೆ.

ನಾವು ಪರಿಗಣಿಸಿ ಬಿಟ್ಟ ದಾರಿಯೊಂದನ್ನೂ ಹೇಳಬೇಕು. ಲೀಡ್ಸ್‌ನಲ್ಲಿ ದಂತ ವೈದ್ಯಕೀಯ ಶಿಕ್ಷಣ ಸಂಸ್ಥೆಯಿದೆ, ಇಂಥ ಕಡೆ ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಮಾಡುವ ಚಿಕಿತ್ಸೆಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ದಾವಣಗೆರೆಯ ಕಾಲೇಜುಗಳ ಹೊರರೋಗಿ ವಿಭಾಗ ಕಂಡವರಿಗೆ ಇದು ಹೊಸದಲ್ಲ. ಆದರೆ ಕಲಿಕೆಗೆ ಹೊಂದುವ ಪ್ರಕರಣಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ, ಭೇಟಿಗಳು ದೀರ್ಘ, ಹಲವು ಬಾರಿ ಹೋಗಬೇಕು. ಗಡುವಿಲ್ಲದ ತೊಂದರೆಗೆ ಅದು ಒಳ್ಳೆಯ ದಾರಿ, ಈ ಹಲ್ಲಿಗೆ ಅಷ್ಟು ಸಮಯವಿರಲಿಲ್ಲ.

ವಿನಾಯಿತಿಗಳ ವಿಷಯದಲ್ಲಿ ನಮ್ಮವರು ಕಳೆದುಕೊಳ್ಳುತ್ತಿರುವುದು ಹೆಚ್ಚು. ಗರ್ಭಿಣಿಯರಿಗೂ, ಹೆರಿಗೆಯಾಗಿ ಹನ್ನೆರಡು ತಿಂಗಳವರೆಗೂ ಎನ್‌ಎಚ್‌ಎಸ್ ದಂತ ಚಿಕಿತ್ಸೆ ಪೂರ್ತಿ ಉಚಿತ. ಸೂಲಗಿತ್ತಿಯ ಮೂಲಕ ಪ್ರಮಾಣಪತ್ರ ಸಿಗುತ್ತದೆ. ಕ್ಯಾಪ್ ಬೇಕಾಗಿದ್ದ ಹೊಸ ತಾಯಿಯೊಬ್ಬರು ಇದು ತಿಳಿಯದೆ ಅವಧಿ ಮುಗಿಸಿಕೊಂಡದ್ದನ್ನು ನಾನು ಬಲ್ಲೆ, ಆ ನೆನಪು ಇನ್ನೂ ಕೊರೆಯುತ್ತದೆ. ಆದಾಯ ಕಡಿಮೆಯಿರುವವರಿಗೆ ಎಚ್‌ಸಿ1 ಅರ್ಜಿಯ ಮೂಲಕ ಪೂರ್ಣ ಅಥವಾ ಭಾಗಶಃ ನೆರವಿದೆ, ವಿದ್ಯಾರ್ಥಿಗಳು ಇದನ್ನು ನೋಡಬೇಕು. ಸ್ಕಾಟ್ಲೆಂಡಿನಲ್ಲಿ 26ರೊಳಗಿನವರಿಗೆ ಎನ್‌ಎಚ್‌ಎಸ್ ದಂತ ಚಿಕಿತ್ಸೆ ಉಚಿತ, ಆದ್ದರಿಂದ ಗ್ಲಾಸ್ಗೋದಲ್ಲಿ ಓದುವ 24ರ ಹುಡುಗನಿಗೆ ಈ ಬರಹದ ಅರ್ಧ ಲೆಕ್ಕ ಬೇಕಾಗುವುದೇ ಇಲ್ಲ. ಆದರೆ ಅರ್ಹತೆ ಖಚಿತವಿಲ್ಲದೆ ನಮೂನೆಯಲ್ಲಿ ಉಚಿತ ಎಂದು ಗುರುತು ಹಾಕಬಾರದು. ಇಂಗ್ಲೆಂಡಿನಲ್ಲಿ ಆಮೇಲೆ ಪರಿಶೀಲಿಸಿ, ಶುಲ್ಕದ ಜೊತೆ 100 ಪೌಂಡ್‌ವರೆಗೆ ದಂಡ ವಿಧಿಸುತ್ತಾರೆ.

ಪರಿಣಾಮ

2025ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆಗೆ ಊರಿಗೆ ಹೋದಾಗ ಆಕೆ ಬೇರುನಾಳ ಚಿಕಿತ್ಸೆಯ ಮೊದಲಿನ ಮತ್ತು ನಂತರದ ಎಕ್ಸ್‌ರೇಗಳನ್ನೂ, ಬಳಸಿದ ಫಿಲ್ಲಿಂಗ್‌ನ ವಿವರವನ್ನೂ ಜೊತೆಗೆ ಒಯ್ದರು. ತಲುಪಿದ ಮರುದಿನವೇ, ಮದುವೆಯ ಓಡಾಟ ಆರಂಭವಾಗುವ ಮುನ್ನ, ದಂತವೈದ್ಯರ ಬಳಿ ಹೋದರು. ಕ್ಯಾಪ್ ಹೊಂದದಿದ್ದರೆ ತಿದ್ದಲು ದಿನಗಳು ಉಳಿಯಬೇಕೆಂದು ಹಾಗೆ ಮಾಡಿದ್ದು. ಆರನೆಯ ದಿನ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯಂಥ ವಸ್ತುವಿನ ಕ್ಯಾಪ್ ಕೂರಿತು, ಖರ್ಚು 6,500 ರೂಪಾಯಿ, ಸುಮಾರು 58 ಪೌಂಡ್. ಎರಡು ದಿನ ಬಿಟ್ಟು ಕಚ್ಚುವಾಗ ಎತ್ತರವೆನಿಸಿದ ಒಂದು ಅಂಚನ್ನು ಉಜ್ಜಿಸಿಕೊಂಡರು. ಕ್ಯಾಪಿನ ವಿವರಗಳನ್ನೂ ಹೊಸ ಎಕ್ಸ್‌ರೇಯನ್ನೂ ಪಡೆದು ಲೀಡ್ಸ್‌ಗೆ ತಂದರು.

ಒಟ್ಟು ಖರ್ಚು ಹೀಗಿತ್ತು: ತುರ್ತು ಚಿಕಿತ್ಸೆ 26.80, ಔಷಧಿ 9.90, ಬೇರುನಾಳ ಚಿಕಿತ್ಸೆ 73.50, ಊರಿನ ಕ್ಯಾಪ್ 58, ಇವೆಲ್ಲ ಸೇರಿ 168.20 ಪೌಂಡ್. ಇದಕ್ಕೆ ಅಕ್ಟೋಬರ್‌ನ ಖಾಸಗಿ ತಪಾಸಣೆಯ 65 ಪೌಂಡ್ ಸೇರಿದರೆ 233.20, ರೈಲಿನ ಖರ್ಚು ಬೇರೆ. 1,500 ಪೌಂಡ್‌ನ ಮುಂದೆ ಇದು ಚಿಕ್ಕ ಮೊತ್ತ. ಆದರೆ ನಿದ್ದೆಗೆಟ್ಟ ರಾತ್ರಿಗಳನ್ನೂ, ನವೆಂಬರ್ 23ರ ರಾತ್ರಿ ತಾಯಿಯ ಊದಿದ ಮುಖವನ್ನು ನೋಡಿ ಮಗು ಅತ್ತದ್ದನ್ನೂ ಈ ಲೆಕ್ಕದಲ್ಲಿ ಬರೆಯಲು ಬರುವುದಿಲ್ಲ. ಫೆಬ್ರುವರಿಯಲ್ಲಿ ಬಿಟ್ಟುಬಂದ ಆ ಫಿಲ್ಲಿಂಗನ್ನು ಊರಿನಲ್ಲೇ ಮುಗಿಸಿದ್ದರೆ ಇದಾವುದೂ ನಡೆಯದಿರುವ ಸಾಧ್ಯತೆ ಹೆಚ್ಚಿತ್ತು. ಈಗ ಹೊರಡುವ ತಯಾರಿಯಲ್ಲಿರುವ ಕುಟುಂಬಗಳು ನನ್ನನ್ನು ಕೇಳಿದರೆ, ಪ್ರೆಷರ್ ಕುಕ್ಕರಿನ ಮಾತಿಗೂ ಮೊದಲು, ಹಲ್ಲು ತೋರಿಸಿ ಬಂದಿರಾ ಎಂದು ಕೇಳುತ್ತೇನೆ.

ಆ ವರ್ಷದ ಅಕ್ಟೋಬರ್‌ನಲ್ಲಿ ಪಕ್ಕದ ಊರಿನ ಅದೇ ಕ್ಲಿನಿಕ್ಕಿನಲ್ಲಿ ತಾಯಿ ಮಗಳಿಬ್ಬರೂ ತಪಾಸಣೆಗೆ ಹೋದರು. ಶುಲ್ಕ ತಾಯಿಗೆ 27.40 ಪೌಂಡ್, ಮಗಳಿಗೆ ಇಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಛಾಯೆ ಕುಗ್ಗಿ, ಎಲುಬು ತುಂಬಿಕೊಳ್ಳುತ್ತಿರುವುದು ಕಂಡಿತು. ತಾಯಿಗೆ ಒಂದು ವರ್ಷದ ಮೇಲೆ, ಮಗಳಿಗೆ ಆರು ತಿಂಗಳ ಮೇಲೆ ಬರಲು ಹೇಳಿದ್ದಾರೆ. ಪತಿಯ ಹೆಸರನ್ನೂ ಅಂದೇ ಅಲ್ಲಿ ಬರೆಸಿದರು. ಅವರಿಗೆ ಸದ್ಯ ಹಲ್ಲಿನಲ್ಲಿ ಯಾವ ನೋವೂ ಇಲ್ಲ.